ಆಳಸಮುದ್ರದ ಮೀನಿಗೆ ಹತ್ತಾರು ವರ್ಷದ ನಿಷೇಧ ಯಾಕೆ? ನಮ್ಮ ಎರಡು ತಿಂಗಳು ಸಾಲದಾ?

ಗಂಗೊಳ್ಳಿ ಕಡೆಯವ:

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ತಲೆ ಕೊರೆಯುತ್ತಿರುವ ಒಂದು ಪ್ರಶ್ನೆ ಉಂಟು. ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ನಮ್ಮ ಕರಾವಳಿಯಲ್ಲಿ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರ ತನಕ, ಅಂದರೆ 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮಳೆಗಾಲ ಮೀನು ಮೊಟ್ಟೆ ಇಡುವ ಸಮಯ, ಆಗ ಸುಮ್ನೆ ಬಿಟ್ಟರೆ ಮುಂದೆ ಬಲೆಗೆ ಮೀನು ಸಿಗುತ್ತದೆ ಎನ್ನುವುದು ನಮಗೆಲ್ಲ ಅರ್ಥವಾಗುವ ಲೆಕ್ಕ. ಹಾಗಾಗಿ ಯಾರೂ ದೊಡ್ಡದಾಗಿ ಗೊಣಗುವುದಿಲ್ಲ. ಬೋಟು ದಡಕ್ಕೆ ಎಳೆದು ಬಣ್ಣ ಬಳಿಯುತ್ತಾರೆ, ಬಲೆ ರಿಪೇರಿ ಮಾಡುತ್ತಾರೆ, ಕಲಾಸಿಗಳು (ಬೋಟಿನ ಕೆಲಸಗಾರರು) ಊರಿಗೆ ಹೋಗಿ ಬರುತ್ತಾರೆ.

ಆದರೆ ಹೊರದೇಶಗಳಲ್ಲಿ ಆಳಸಮುದ್ರದ ಮೀನಿಗೆ ಮಾಡಿರುವ ನಿಷೇಧ ಓದಿದರೆ ಗಾಬರಿ ಆಗುತ್ತದೆ. ಯುರೋಪಿನವರು 800 ಮೀಟರ್‌ಗಿಂತ ಕೆಳಗೆ ತಳದಲ್ಲಿ ಟ್ರಾಲ್ ಬಲೆ ಎಳೆಯುವುದನ್ನೇ ನಿಲ್ಲಿಸಿದ್ದಾರೆ. ನಮ್ಮ ಲೆಕ್ಕದಲ್ಲಿ ಅದು ನಾನೂರು ಮಾರಿಗೂ ಜಾಸ್ತಿ. ನ್ಯೂಜಿಲೆಂಡ್‌ನಲ್ಲಿ ಒಂದೇ ಒಂದು ಜಾತಿಯ ಮೀನಿಗೋಸ್ಕರ ಇಡೀ ಒಂದು ಪ್ರದೇಶವನ್ನು ಹತ್ತು ವರ್ಷ ಮುಚ್ಚಿದ್ದರು. ಆಸ್ಟ್ರೇಲಿಯಾದಲ್ಲೂ ಅದೇ ಮೀನು, ಅದೇ ಕಥೆ.

ಅಲ್ಲಿನ ಮೀನಿಗೆ ಎರಡು ತಿಂಗಳ ರಜೆ ಯಾಕೆ ಸಾಲುವುದಿಲ್ಲ? ಅಷ್ಟು ವರ್ಷ ಮುಚ್ಚಿದ ಮೇಲೆ ಮೀನು ನಿಜವಾಗಿಯೂ ವಾಪಸ್ ಬಂತಾ? ಕೆಲಸ ಕಳೆದುಕೊಂಡವರ ಗತಿ ಏನಾಯಿತು? ನಮ್ಮಲ್ಲೂ ಈಗ "ದಡದ ಹತ್ತಿರ ಮೀನಿಲ್ಲ, ಇನ್ನೂ ಆಳಕ್ಕೆ ಹೋಗಿ" ಎನ್ನುವ ಮಾತು ಜೋರಾಗಿದೆ. ಬೋಟಿಗೆ ಸಾಲ ಮಾಡಿ ಆಳಕ್ಕೆ ಹೊರಡುವ ಮೊದಲು ಇದು ನಮಗೆ ಗೊತ್ತಿರಬೇಕು.


ಫಿಶರೀಸ್ ಕಾಲೇಜಿನ ಹಳಬ:

ಉತ್ತರ ಇರುವುದು ಮೀನಿನ ವಯಸ್ಸಿನಲ್ಲಿ.

ಬೂತಾಯಿ ಹುಟ್ಟಿ ಒಂದು ವರ್ಷ ಆಗುವ ಹೊತ್ತಿಗೆ ಮೊಟ್ಟೆ ಇಡಲು ತಯಾರು. ಎರಡು ಮೂರು ವರ್ಷ ಬದುಕಿದರೆ ಹೆಚ್ಚು. ಬಂಗುಡೆಯೂ ಸುಮಾರು ಹಾಗೇ. ಈ ಮಳೆಗಾಲ ಬಿಟ್ಟ ಮೀನಿನ ಮರಿ ಮುಂದಿನ ಸೀಸನ್ನಿಗೆ ಬಲೆಗೆ ಬರುತ್ತದೆ. ಎರಡು ತಿಂಗಳ ನಿಷೇಧಕ್ಕೆ ಬೆಲೆ ಇರುವುದು ಇದರಿಂದ.

ಈಗ ನೀವು ಹೇಳಿದ ಆ ನ್ಯೂಜಿಲೆಂಡ್, ಆಸ್ಟ್ರೇಲಿಯಾ ಮೀನು. ಅದರ ಹೆಸರು ಆರೆಂಜ್ ರಫಿ. ಮುಖ್ಯವಾಗಿ 700ರಿಂದ 1500 ಮೀಟರ್ ಆಳದಲ್ಲಿ ಇರುತ್ತದೆ. ಇಟ್ಟಿಗೆ ಕೆಂಪು ಬಣ್ಣ, ಮೈಗಿಂತ ತಲೆಯೇ ದೊಡ್ಡದಾಗಿ ಕಾಣುತ್ತದೆ, ಸಾಮಾನ್ಯವಾಗಿ ಒಂದೆರಡು ಕೆಜಿ ತೂಗುತ್ತದೆ. ಅಲ್ಲಿ ಬೆಳಕಿಲ್ಲ, ನೀರು ಫ್ರಿಜ್‌ನೊಳಗಿನಷ್ಟು ತಣ್ಣಗೆ, ತಿನ್ನಲು ಸಿಗುವುದೂ ಕಡಿಮೆ. ಹಾಗಾಗಿ ಬೆಳವಣಿಗೆ ತುಂಬಾ ನಿಧಾನ. ಮೊದಲ ಸಲ ಮೊಟ್ಟೆ ಇಡುವ ಹೊತ್ತಿಗೆ ಅದಕ್ಕೆ ಸುಮಾರು 30 ವರ್ಷ ಆಗಿರುತ್ತದೆ. ಇನ್ನೂರು ವರ್ಷ ದಾಟಿದ ಮೀನುಗಳೂ ಸಿಕ್ಕಿವೆ. 1799ರಲ್ಲಿ ಶ್ರೀರಂಗಪಟ್ಟಣ ಬೀಳುವ ಹೊತ್ತಿಗೆ ಮರಿಯಾಗಿದ್ದ ಮೀನು 1990ರಲ್ಲಿ ಟ್ರಾಲಿಗೆ ಬಿದ್ದು ಅಮೆರಿಕದ ಯಾವುದೋ ಹೋಟೆಲಿನ ತಟ್ಟೆಗೆ ಹೋಗಿರಬಹುದು.

ಇದು ಗೊತ್ತಾದದ್ದು ಹೇಗೆ ಅಂದರೆ, ಮನೆಯಲ್ಲಿ ಮೀನು ಸರಿ ಮಾಡುವವರಿಗೆ ತಲೆಯೊಳಗೆ ಸಿಗುವ ಚಿಕ್ಕ ಬಿಳಿ ಕಲ್ಲು ಗೊತ್ತಿರುತ್ತದೆ. ಅದಕ್ಕೆ ಓಟೋಲಿತ್ ಅನ್ನುತ್ತಾರೆ, ಮೀನಿನ ಕಿವಿಯ ಭಾಗ ಅದು. ಅದನ್ನು ಕಾಗದದಷ್ಟು ತೆಳ್ಳಗೆ ಕತ್ತರಿಸಿ ಮೈಕ್ರೋಸ್ಕೋಪ್ ಕೆಳಗೆ ಇಟ್ಟರೆ ಗೆರೆಗಳು ಕಾಣುತ್ತವೆ, ವರ್ಷಕ್ಕೆ ಒಂದು. ಆರೆಂಜ್ ರಫಿಯ ಕಲ್ಲಿನಲ್ಲಿ ಮಧ್ಯದಿಂದ ಹೊರಗೆ ಬರುತ್ತಾ ಮೊದಲ ಮೂವತ್ತು ಚಿಲ್ಲರೆ ಗೆರೆಗಳು ಬಿಡಿಬಿಡಿಯಾಗಿ ಇರುತ್ತವೆ. ಅಲ್ಲಿಂದಾಚೆಗೆ ಒಂದಕ್ಕೊಂದು ಒತ್ತಿಕೊಂಡು, ಎಣಿಸಲು ಕಣ್ಣು ನೋಯುವಷ್ಟು ಹತ್ತಿರ ಆಗುತ್ತವೆ. ಮೀನು ಪ್ರಾಯಕ್ಕೆ ಬಂದ ಮೇಲೆ ಬೆಳೆಯುವುದು ಹೆಚ್ಚುಕಡಿಮೆ ನಿಲ್ಲುತ್ತದೆ, ಅದರ ಗುರುತು ಆ ಒತ್ತು ಗೆರೆಗಳು.

ಮೀನುಗಾರಿಕೆ ಶುರುವಾದ ಕಾಲದಲ್ಲಿ ಈ ಒತ್ತು ಗೆರೆಗಳನ್ನು ಯಾರೂ ಸರಿಯಾಗಿ ಓದಿರಲಿಲ್ಲ. ಬೇರೆ ಮೀನುಗಳ ಹಾಗೆ ಇದೂ ಇಪ್ಪತ್ತೋ ಮೂವತ್ತೋ ವರ್ಷ ಬದುಕುತ್ತದೆ ಎಂದುಕೊಂಡರು. ವರ್ಷಕ್ಕೆ ಎಷ್ಟು ಹಿಡಿಯಬಹುದು ಎಂಬ ಕೋಟಾ ಆ ಅಂದಾಜಿನ ಮೇಲೆ ನಿಂತಿತ್ತು. 1991ರಲ್ಲಿ ಅದೇ ಕಲ್ಲಿನಲ್ಲಿರುವ ರೇಡಿಯಂ ಮತ್ತು ಸೀಸದ ಪ್ರಮಾಣ ಅಳೆದು ನೋಡಿದಾಗ, ಈ ಮೀನು ನೂರು ವರ್ಷಕ್ಕೂ ಜಾಸ್ತಿ ಬದುಕುತ್ತದೆ ಎಂಬುದು ಖಚಿತವಾಯಿತು. ಅಷ್ಟು ಹೊತ್ತಿಗೆ ಬಹಳಷ್ಟು ಮೀನು ಹಿಡಿದು ಮಾರಿ ಆಗಿತ್ತು.

ಇನ್ನೂ ಎರಡು ವಿಷಯ. ಒಂದು, ಇದು ಇಡುವ ಮೊಟ್ಟೆ ಕಡಿಮೆ. ಉತ್ತರ ಅಟ್ಲಾಂಟಿಕ್‌ನ ಕಾಡ್ (cod) ಮೀನು ಲಕ್ಷಗಟ್ಟಲೆ ಇಟ್ಟರೆ ಇದು ಕೆಲವು ಹತ್ತು ಸಾವಿರ, ಅದೂ ಎಲ್ಲ ಹೆಣ್ಣು ಮೀನುಗಳು ಪ್ರತಿ ವರ್ಷ ಇಡುವುದಿಲ್ಲ. ಎರಡು, ಮೊಟ್ಟೆ ಇಡಲು ಇವೆಲ್ಲ ಸಮುದ್ರದೊಳಗಿನ ಗುಡ್ಡಗಳ ಸುತ್ತ ಒಟ್ಟು ಸೇರುತ್ತವೆ. ಶಬ್ದ ಕಳಿಸಿ ಮೀನು ಹುಡುಕುವ ಎಕೋ ಸೌಂಡರ್ ಯಂತ್ರದಲ್ಲಿ ಆ ರಾಶಿ ಸ್ಪಷ್ಟವಾಗಿ ಕಾಣುತ್ತದೆ. ಕೆಲವೇ ನಿಮಿಷ ಬಲೆ ಎಳೆದರೆ ಹತ್ತಾರು ಟನ್. ಅಪಾಯ ಇರುವುದು ಇಲ್ಲಿಯೇ, ಯಾಕೆಂದರೆ ಒಟ್ಟು ಮೀನು ಅರ್ಧಕ್ಕೆ ಇಳಿದಿದ್ದರೂ ಉಳಿದ ಅರ್ಧ ಅದೇ ಗುಡ್ಡಕ್ಕೆ ಬಂದು ಸೇರುವುದರಿಂದ ಬೋಟಿನವರಿಗೆ ಬಲೆ ತುಂಬುತ್ತಲೇ ಇರುತ್ತದೆ, ಕಡಿಮೆ ಆಗುತ್ತಿದೆ ಎಂದು ಅನ್ನಿಸುವುದೇ ಇಲ್ಲ.

ಬಲೆಯ ಕಣ್ಣು ದೊಡ್ಡದು ಮಾಡಿ ಮರಿಗಳನ್ನು ಉಳಿಸೋಣ ಅಂದರೆ ಅದೂ ಕಷ್ಟ. ಇಷ್ಟು ಆಳದ ಮೀನಿನ ಚರ್ಮ ಬಹಳ ನಾಜೂಕು. ಬಲೆಯಿಂದ ತಪ್ಪಿಸಿಕೊಂಡರೂ ಗಾಯಕ್ಕೇ ಸಾಯುತ್ತವೆ. ಹಾಗಾಗಿ ಅಲ್ಲಿ ಉಳಿಯುವ ದಾರಿ ಜಾಗವನ್ನೇ ಮುಚ್ಚುವುದು, ಇಲ್ಲವೇ ಹಿಡಿಯುವ ಪ್ರಮಾಣವನ್ನು ತೀರಾ ಕಡಿಮೆ ಮಾಡುವುದು.


ಆಕ್ಲೆಂಡಿನಿಂದ ಕುಮಟೆಯವಳು:

ನಾನು ಇರುವುದು ನ್ಯೂಜಿಲೆಂಡ್‌ನಲ್ಲಿ, ಹಾಗಾಗಿ ಇಲ್ಲಿನ ಕಥೆ ನಾನು ಹೇಳುತ್ತೇನೆ.

ಇಲ್ಲಿ ಅಂಗಡಿಯಲ್ಲಿ ಆರೆಂಜ್ ರಫಿ ಇಡೀ ಮೀನಾಗಿ ನೋಡಲು ಸಿಗುವುದು ಅಪರೂಪ. ಚರ್ಮ ತೆಗೆದ ಬಿಳಿ ಫಿಲೆ (ಮಾಂಸದ ತುಂಡು) ಮಾತ್ರ. ಚರ್ಮದ ಜೊತೆ ಅದರ ಕೆಳಗಿನ ಕೊಬ್ಬಿನ ಪದರವನ್ನೂ ಕೆತ್ತಿ ತೆಗೆದಿರುತ್ತಾರೆ. ಅದರಲ್ಲಿ ಮೇಣದಂಥ ಎಣ್ಣೆ ಇರುತ್ತದೆ, ತಿಂದರೆ ಹೊಟ್ಟೆ ಕೆಡುತ್ತದೆ. ಆ ಫಿಲೆಗೆ ಮುಳ್ಳಿಲ್ಲ, ಮೀನಿನ ವಾಸನೆಯೂ ಹೆಚ್ಚಿಲ್ಲ. ಮೀನು ತಿಂದು ಅಭ್ಯಾಸ ಇಲ್ಲದವರೂ ತಿನ್ನಬಹುದು. ಅಮೆರಿಕದವರು ಮುಗಿಬಿದ್ದು ಕೊಂಡದ್ದು ಅದಕ್ಕೇ. ಬಂಗುಡೆ ತಿಂದು ಬೆಳೆದ ನನಗೆ ರುಚಿ ಸಪ್ಪೆ, ಅದು ಬೇರೆ ವಿಷಯ.

1970ರ ದಶಕದ ಕೊನೆಯಲ್ಲಿ ಇಲ್ಲಿನ ಪೂರ್ವಕ್ಕಿರುವ ಚಾಥಮ್ ರೈಸ್ ಎಂಬ ಕಡೆ ದೊಡ್ಡ ಮಟ್ಟದಲ್ಲಿ ಹಿಡಿಯಲು ಶುರು ಮಾಡಿದರು. ಹತ್ತು ವರ್ಷದಲ್ಲಿ, 1988-89ರ ಹೊತ್ತಿಗೆ, ದೇಶದಲ್ಲಿ ಹಿಡಿದ ಒಟ್ಟು ಆರೆಂಜ್ ರಫಿ ವರ್ಷಕ್ಕೆ 50 ಸಾವಿರ ಟನ್ ದಾಟಿತು. ಒಂದು ಗುಡ್ಡ ಖಾಲಿಯಾದರೆ ಪಕ್ಕದ ಗುಡ್ಡ, ಅದೂ ಮುಗಿದರೆ ಇನ್ನೊಂದು. ಹೊಸ ಹೊಸ ಗುಡ್ಡ ಸಿಗುತ್ತಿದ್ದಷ್ಟು ದಿನ ಒಟ್ಟು ಲೆಕ್ಕದಲ್ಲಿ ಇಳಿಕೆಯೇ ಕಾಣಲಿಲ್ಲ.

ಇನ್ನೊಂದು ವಿಷಯ ನಮ್ಮವರು ಗಮನಿಸಬೇಕು. 1986ರಲ್ಲಿ ಇಲ್ಲಿ ಕೋಟಾ ಪದ್ಧತಿ ತಂದಾಗ ಕಂಪನಿಗಳಿಗೆ ಇಂತಿಷ್ಟು ಟನ್ ಎಂದು ಶಾಶ್ವತವಾಗಿ ಹಕ್ಕು ಬರೆದುಕೊಟ್ಟರು. ಮೀನು ಕಡಿಮೆ ಇದೆ, ಹಿಡಿಯುವುದನ್ನು ಇಳಿಸಿ ಎಂದು ವಿಜ್ಞಾನಿಗಳು ಹೇಳಿದಾಗ ಸರ್ಕಾರ ಆ ಹಕ್ಕನ್ನು ದುಡ್ಡು ಕೊಟ್ಟು ವಾಪಸ್ ಕೊಳ್ಳಬೇಕಿತ್ತು. ಅಷ್ಟು ದುಡ್ಡು ಯಾರು ಕೊಡುತ್ತಾರೆ? 1990ರಲ್ಲಿ ನಿಯಮ ಬದಲಿಸಿ, ಒಟ್ಟು ಮಿತಿಯಲ್ಲಿ ಇಷ್ಟು ಪಾಲು ಎಂದು ಮಾಡಿದರು. ಆಮೇಲೆ ಮಿತಿ ಇಳಿಸುವುದು ಸುಲಭ ಆಯಿತು.

ನೀವು ಕೇಳಿದ ಹತ್ತು ವರ್ಷದ ನಿಷೇಧ ಪಶ್ಚಿಮಕ್ಕಿರುವ ಚಾಲೆಂಜರ್ ಪ್ಲಾಟೋ ಎಂಬ ಜಾಗದ್ದು. 2000ದಲ್ಲಿ ಮುಚ್ಚಿದರು, 2010ರಲ್ಲಿ ಸಣ್ಣ ಪ್ರಮಾಣದಲ್ಲಿ ತೆರೆದರು. 2016ರಲ್ಲಿ ಇಲ್ಲಿನ ಕೆಲವು ಆರೆಂಜ್ ರಫಿ ಮೀನುಗಾರಿಕೆಗೆ ಸುಸ್ಥಿರ ಎನ್ನುವ ಎಂ.ಎಸ್.ಸಿ. (ಮರೈನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್) ಮುದ್ರೆಯೂ ಸಿಕ್ಕಿತು. ಪರಿಸರ ಸಂಘಟನೆಗಳು ಅದನ್ನು ಬಲವಾಗಿ ವಿರೋಧಿಸಿದ್ದವು.

ಒಂದು ನಿಷೇಧದ ಬಗ್ಗೆ ಮಾತ್ರ ನನಗೆ ಈಗಲೂ ಸಿಟ್ಟಿದೆ. 2007ರಲ್ಲಿ 17 ಜಾಗಗಳನ್ನು ಗುರುತಿಸಿ ತಳಕ್ಕೆ ಬಲೆ ಎಳೆಯುವ ಹಾಗಿಲ್ಲ ಎಂದರು. ಎಲ್ಲ ಸೇರಿಸಿದರೆ ದೇಶದ ಕಡಲಿನ ಸುಮಾರು ಶೇಕಡ 30. ಕೇಳಲು ಎಷ್ಟು ಚೆನ್ನಾಗಿದೆ ಅಲ್ವಾ? ಆದರೆ ಅದರಲ್ಲಿ ಹೆಚ್ಚಿನ ಭಾಗ ಬಲೆ ಮುಟ್ಟಲಾರದಷ್ಟು ಆಳ, ಅಥವಾ ಮೊದಲೇ ಯಾರೂ ಮೀನು ಹಿಡಿಯದಿದ್ದ ಜಾಗ. ಮೀನು ಸೇರುವ ಗುಡ್ಡಗಳು ಬಹಳಷ್ಟು ಹೊರಗೇ ಉಳಿದವು. ನಕ್ಷೆಯಲ್ಲಿ ಎಷ್ಟು ಬಣ್ಣ ಹಚ್ಚಿದ್ದಾರೆ ಎಂದು ನೋಡಬೇಡಿ, ಯಾವ ಗುಡ್ಡ ಒಳಗಿದೆ ಎಂದು ನೋಡಿ.


ಗಂಗೊಳ್ಳಿ ಕಡೆಯವ:

ಅಕ್ಕಾ, ಸರ್, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಆದರೆ ಒಂದು ಗೊಂದಲ. ಮೊಟ್ಟೆ ಇಡಲು 30 ವರ್ಷ ಬೇಕು ಅಂದಿರಿ. 2000ದಲ್ಲಿ ಮುಚ್ಚಿ 2010ರಲ್ಲಿ ತೆರೆದರು ಅಂದರೆ ಹತ್ತೇ ವರ್ಷದಲ್ಲಿ ಮೀನು ಎಲ್ಲಿಂದ ಬಂತು?


ಫಿಶರೀಸ್ ಕಾಲೇಜಿನ ಹಳಬ:

ಕೇಳಲೇಬೇಕಾದ ಪ್ರಶ್ನೆ ಇದು. ಇದನ್ನು ನಮ್ಮ ಅಧಿಕಾರಿಗಳೂ ಕೇಳಬೇಕು.

2010ರಲ್ಲಿ ಗುಡ್ಡದ ಮೇಲೆ ಮೊದಲ ಸಲ ಮೊಟ್ಟೆ ಇಡಲು ಬಂದ 30 ವರ್ಷದ ಮೀನು ಹುಟ್ಟಿದ್ದು 1980ರಲ್ಲಿ. ಅಂದರೆ ಆ ಕಡೆ ದೊಡ್ಡ ಬೋಟುಗಳು ಜೋರಾಗಿ ಹಿಡಿಯುವ ಮೊದಲು, ಸಮುದ್ರದಲ್ಲಿ ಹಳೇ ಮೀನು ಇನ್ನೂ ತುಂಬಿದ್ದಾಗ ಇಟ್ಟ ಮೊಟ್ಟೆ ಅದು. ಆಸ್ಟ್ರೇಲಿಯಾದಲ್ಲೂ ಹಾಗೇ. ಟಾಸ್ಮೇನಿಯಾದ ಪೂರ್ವಕ್ಕೆ ಸೇಂಟ್ ಹೆಲೆನ್ಸ್ ಹಿಲ್ ಎಂಬ ಸಮುದ್ರದೊಳಗಿನ ಗುಡ್ಡ ಇದೆ. 1989ರಲ್ಲಿ ಅಲ್ಲಿ ಮೀನು ಸೇರುವುದು ಗೊತ್ತಾಯಿತು. ಮರುವರ್ಷಕ್ಕೆ ಆ ಭಾಗದಲ್ಲಿ ಹತ್ತಾರು ಸಾವಿರ ಟನ್ ಎತ್ತಿದರು. ಆಮೇಲೆ ಕುಸಿತ. 2006ರಲ್ಲಿ ಅಲ್ಲಿನ ಸರ್ಕಾರ ಈ ಮೀನನ್ನು ಸಂರಕ್ಷಣಾ ಕಾನೂನಿನ ಪಟ್ಟಿಗೆ ಸೇರಿಸಿತು. ಸಮುದ್ರದಲ್ಲಿ ತಿನ್ನಲು ಹಿಡಿಯುವ ಒಂದು ಮೀನಿಗೆ ಹಾಗೆ ಮಾಡಿದ್ದು ಅಲ್ಲಿ ಬಹಳ ದೊಡ್ಡ ಸುದ್ದಿಯಾಗಿತ್ತು. ಒಂದು ಪ್ರದೇಶ ಬಿಟ್ಟು ಉಳಿದ ಕಡೆ ಇದನ್ನೇ ಗುರಿ ಇಟ್ಟು ಹಿಡಿಯುವುದು ನಿಂತಿತು. 2015ರಲ್ಲಿ ಪೂರ್ವ ಭಾಗವನ್ನು ಕೆಲವು ನೂರು ಟನ್ ಮಿತಿ ಹಾಕಿ ಮತ್ತೆ ತೆರೆದರು. ಆಗ ಸಿಕ್ಕ ಪ್ರಾಯದ ಮೀನುಗಳೂ 1980ರ ದಶಕದ್ದೇ, ಅದಕ್ಕಿಂತ ಹಳೆಯವೇ.

ಹಾಗಾದರೆ 1990ರ ನಂತರ, ತಾಯಿ ಮೀನು ಕಡಿಮೆ ಇದ್ದಾಗ ಎಷ್ಟು ಮರಿ ಆದವು ಎನ್ನುವುದು 2020ರ ನಂತರವೇ ಗುಡ್ಡದ ಮೇಲೆ ಕಾಣಬೇಕು. ಅದು ಗೊತ್ತಾಗುವ ತನಕ "ಚೇತರಿಸಿದೆ" ಅಂತ ಯಾರಾದರೂ ಗಟ್ಟಿಯಾಗಿ ಹೇಳಿದರೆ ನಾನು ಒಪ್ಪುವುದಿಲ್ಲ. ನೂರು ವರ್ಷದ ಬೋಗಿ ಮರಗಳ ಕಾಡು ಕಡಿದು, ಮೊದಲೇ ಹುಟ್ಟಿದ್ದ ಗಿಡಗಳು ಎದೆಮಟ್ಟ ಬೆಳೆದದ್ದನ್ನು ನೋಡಿ ಕಾಡು ವಾಪಸ್ ಬಂತು ಅಂದ ಹಾಗೆ ಆಗುತ್ತದೆ. ಮನುಷ್ಯರಿಗೆ ಒಂದು ತಲೆಮಾರು ಎಷ್ಟೋ ಈ ಮೀನಿಗೂ ಅಷ್ಟೇ. ನಿಷೇಧದ ಅವಧಿಯನ್ನೂ ಅದೇ ಅಳತೆಯಲ್ಲಿ ಇಡಬೇಕು, ಐದು ವರ್ಷಕ್ಕೊಮ್ಮೆ ಬರುವ ಚುನಾವಣೆಯ ಅಳತೆಯಲ್ಲಿ ಅಲ್ಲ.

ಬರೀ ಮೀನಲ್ಲ, ಆ ಗುಡ್ಡಗಳ ಮೇಲಿನ ಹವಳವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಆಳದ ಹವಳ ಬೆಳೆಯುವುದು ಮೀನಿಗಿಂತ ನಿಧಾನ. ಹವಾಯಿ ಹತ್ತಿರದ ಒಂದು ಕಪ್ಪು ಹವಳದ ವಯಸ್ಸು ಸುಮಾರು 4,200 ವರ್ಷ ಎಂದು ಅಳೆದಿದ್ದಾರೆ. ಟ್ರಾಲ್ ಬಲೆಯ ಕೆಳಗಿನ ಹಗ್ಗಕ್ಕೆ ಭಾರದ ಉಕ್ಕಿನ ಉರುಳೆಗಳು ಇರುತ್ತವಲ್ಲ, ಅವು ಒಂದು ಸಲ ಹಾದುಹೋದರೆ ಅಲ್ಲಿ ಉಳಿಯುವುದು ಬರೀ ಬಂಡೆ. ವಿಶ್ವಸಂಸ್ಥೆ 2006ರಲ್ಲಿ ನಿರ್ಣಯ ಮಾಡಿ, ಇಂಥ ಸೂಕ್ಷ್ಮ ಜಾಗಗಳನ್ನು ಗುರುತಿಸಿ ಕಾಪಾಡಿ, ಇಲ್ಲವಾದರೆ ಅಲ್ಲಿ ತಳದ ಮೀನುಗಾರಿಕೆ ನಿಲ್ಲಿಸಿ ಎಂದು ದೇಶಗಳಿಗೆ ಹೇಳಿದ್ದು ಇದೇ ಕಾರಣಕ್ಕೆ.


ಮಲ್ಪೆ ಬೋಟಿನ ಮನೆಯವ:

ಎಲ್ಲ ಓದಿದೆ. ವಿಜ್ಞಾನದ ಬಗ್ಗೆ ತಕರಾರಿಲ್ಲ. ಆದರೆ ನಿಷೇಧ ಅಂತ ಹೇಳುವಾಗ ಹೊಟ್ಟೆಯ ಮಾತೂ ಬರಬೇಕು ಮಾರಾಯ್ರೆ.

ಕೆನಡಾದ ನ್ಯೂಫೌಂಡ್‌ಲ್ಯಾಂಡ್ ವಿಷಯ ಗೊತ್ತಿರಬೇಕು. ಕಾಡ್ ಮೀನು ಆರೆಂಜ್ ರಫಿಯಷ್ಟು ಆಳದ್ದಲ್ಲ, ಆದರೂ ಹೇಳುತ್ತೇನೆ. 1992ರ ಜುಲೈ 2ರಂದು ಕಾಡ್ ಹಿಡಿಯುವುದು ಬಂದ್ ಎಂದು ಮಂತ್ರಿ ಹೇಳಿದರು. ಎರಡು ವರ್ಷ ಅಷ್ಟೇ ಅಂದರು. ಅದನ್ನು ಪೂರ್ತಿ ತೆಗೆದದ್ದು 2024ರಲ್ಲಿ! 30 ಸಾವಿರಕ್ಕೂ ಹೆಚ್ಚು ಜನರ ಕೆಲಸ ಹೋಯಿತು. ದಡದ ಹತ್ತಿರ ಸಣ್ಣ ದೋಣಿಯಲ್ಲಿ ಹಿಡಿಯುತ್ತಿದ್ದವರು "ಮೀನು ಸಣ್ಣದಾಗುತ್ತಿದೆ, ಕಡಿಮೆ ಆಗುತ್ತಿದೆ" ಎಂದು ಮೊದಲಿಂದ ಹೇಳುತ್ತಿದ್ದರು. ಯಾರೂ ಕೇಳಲಿಲ್ಲ. ದೊಡ್ಡ ಟ್ರಾಲರ್‌ಗಳ ಹಿಡುವಳಿ ನೋಡಿ ಎಲ್ಲ ಸರಿ ಇದೆ ಎಂದುಕೊಂಡರು. ಕೊನೆಗೆ ನಿಷೇಧದ ಪೆಟ್ಟು ಬಿದ್ದದ್ದು ಊರೂರಿಗೆ. ಮನೆ ಬೀಗ ಹಾಕಿ ಜನ ಬೇರೆ ಕಡೆ ಹೋದರು.

ನಮ್ಮಲ್ಲೂ ಹಾಗೇ. ಲೈಟ್ ಫಿಶಿಂಗ್, ಅಂದರೆ ಲೈಟ್ ಹಾಕಿ ಮೀನು ಸೆಳೆದು ಹಿಡಿಯುವುದು, ಮಾಡುವ ಹಾಗಿಲ್ಲ ಎಂದು ಕೇಂದ್ರ ಸರ್ಕಾರ 2017ರಲ್ಲಿ ಹೇಳಿತು. ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗ್ ಕೂಡ ಇಲ್ಲ ಅಂದರು. ಆದರೂ ರಾತ್ರಿ ಕಡಲಿಗೆ ಹೋದರೆ ದೂರದಲ್ಲಿ ಜಾತ್ರೆಯ ಹಾಗೆ ಲೈಟು ಕಾಣುತ್ತದೆ. ನಿಯಮ ಪಾಲಿಸಿದವನ ಬೋಟು ಅರ್ಧ ಖಾಲಿ, ಪಾಲಿಸದವನದ್ದು ತುಂಬಿ ಬರುತ್ತದೆ. ನಮ್ಮ ಬೋಟು ನಡೆಸುವ ತಂಡೇಲರು ಈ ಕಾರಣಕ್ಕೇ ಎಷ್ಟೋ ಸಲ ನಮ್ಮ ಮೇಲೆ ರೇಗಿದ್ದಾರೆ, "ನಾವು ಮಾತ್ರ ಯಾಕೆ ಸುಮ್ಮನಿರಬೇಕು" ಅಂತ. ಅವರಿಗೆ ಏನು ಹೇಳುವುದು?

ನಾನು ನಿಷೇಧದ ವಿರೋಧಿ ಅಲ್ಲ. ಎಲ್ಲರಿಗೂ ಒಂದೇ ನಿಷೇಧ ಇರಲಿ, ದಡದಲ್ಲಿ ಕೂತ ದಿನಗಳಿಗೆ ಕಲಾಸಿಗಳ ಮನೆಗೂ ಏನಾದರೂ ಸಿಗಲಿ. ಮುಖ್ಯವಾಗಿ, ಜನ ಸಾಲ ಮಾಡಿ ದೊಡ್ಡ ಬೋಟು ಕಟ್ಟಿದ ಮೇಲೆ ನಿಷೇಧ ತರಬೇಡಿ. ಬೋಟು ಕಟ್ಟುವ ಮೊದಲೇ ಹೇಳಿ.


ಪ್ಯಾರಿಸ್‌ನಲ್ಲಿರುವ ಧಾರವಾಡದವ:

ಮಲ್ಪೆ ಅಣ್ಣನ ಮಾತಿಗೆ ಯುರೋಪಿನ ಕಥೆ ಸೇರಿಸುತ್ತೇನೆ. ಇಲ್ಲಿ ಹೊಟ್ಟೆಯ ಮಾತು ಹೇಳಿ ನಿಷೇಧವನ್ನು ವರ್ಷಗಟ್ಟಲೆ ತಡೆದರು, ಆದರೆ ಲೆಕ್ಕ ತೆಗೆದು ನೋಡಿದಾಗ ಹೊಟ್ಟೆ ಯಾರದ್ದು ಎಂಬುದೇ ಬೇರೆ ಇತ್ತು.

ಫ್ರಾನ್ಸಿನ ದೊಡ್ಡ ಟ್ರಾಲರ್‌ಗಳು 1990ರ ಹೊತ್ತಿಗೆ ಸ್ಕಾಟ್ಲೆಂಡ್, ಐರ್ಲೆಂಡ್ ಪಶ್ಚಿಮಕ್ಕೆ ಆಳದ ಮೀನು ಹಿಡಿಯಲು ಹೋದವು. ಆರೆಂಜ್ ರಫಿ ಬೇಗನೆ ಮುಗಿಯಿತು. ಯುರೋಪಿಯನ್ ಒಕ್ಕೂಟ 2010ರಿಂದ ಅದರ ಕೋಟಾವನ್ನು ಸೊನ್ನೆ ಮಾಡಿತು. ಆದರೆ ಬಲೆ ಬೇರೆ ಮೀನಿಗಾಗಿ ಅದೇ ಆಳದಲ್ಲಿ ಓಡಾಡುತ್ತಲೇ ಇತ್ತು. ಒಂದು ಜಾತಿಗೆ ಮಾತ್ರ ನಿಷೇಧ ಹಾಕಿ ಬಲೆಯನ್ನು ಕೆಳಗೇ ಬಿಟ್ಟರೆ ಏನು ಉಪಯೋಗ? ಬಲೆಗೇನು ಜಾತಿ ಗೊತ್ತಾಗುತ್ತದಾ?

ಹಾಗಾಗಿ ಆಳಕ್ಕೇ ಗೆರೆ ಎಳೆಯಿರಿ ಎಂದು ಬ್ಲೂಮ್ ಎಂಬ ಸಂಘಟನೆ ಕಟ್ಟಿದ ಕ್ಲೇರ್ ನೂವಿಯಾನ್ ಮತ್ತು ಜೊತೆಯವರು ಹೋರಾಟಕ್ಕೆ ಇಳಿದರು. 2013ರ ಡಿಸೆಂಬರ್‌ನಲ್ಲಿ ಯುರೋಪಿನ ಪಾರ್ಲಿಮೆಂಟಿನಲ್ಲಿ ವೋಟಿಗೆ ಬಂತು. 342 ಮತ ವಿರುದ್ಧ, 326 ಪರ. ಹದಿನಾರೇ ಮತದಿಂದ ಬಿದ್ದುಹೋಯಿತು. ಆದರೆ ಜನ ಸುಮ್ಮನಾಗಲಿಲ್ಲ. ಇಂಟರ್‌ಮಾರ್ಷೆ ಎಂಬ ಸೂಪರ್ ಮಾರ್ಕೆಟ್ ಗುಂಪಿಗೆ ತನ್ನದೇ ಮೀನು ಹಡಗುಗಳಿವೆ. ಗ್ರಾಹಕರ ಒತ್ತಡ ಎಷ್ಟಾಯಿತೆಂದರೆ, ಕಾನೂನು ಬರುವ ಮೊದಲೇ ಆ ಕಂಪನಿ 2015ರಿಂದ 800 ಮೀಟರ್‌ಗಿಂತ ಕೆಳಗೆ ಎಳೆಯುವುದಿಲ್ಲ ಎಂದು ಘೋಷಿಸಿತು. 2016ರ ಕೊನೆಗೆ ಕಾನೂನೂ ಬಂತು. 2022ರಲ್ಲಿ ಅದಕ್ಕೆ ಇನ್ನೊಂದು ಹೆಜ್ಜೆ ಸೇರಿಸಿ, ಈಶಾನ್ಯ ಅಟ್ಲಾಂಟಿಕ್‌ನಲ್ಲಿ 400 ಮೀಟರ್‌ಗಿಂತ ಆಳದ 87 ಸೂಕ್ಷ್ಮ ಜಾಗಗಳನ್ನು ಮುಚ್ಚಿದರು. ಒಟ್ಟು 16 ಸಾವಿರ ಚದರ ಕಿಲೋಮೀಟರ್‌ಗೂ ಹೆಚ್ಚು. ಅಲ್ಲಿ ಟ್ರಾಲ್ ಮಾತ್ರವಲ್ಲ, ತಳಕ್ಕೆ ಬಿಡುವ ಗಾಳದ ಸಾಲು ಕೂಡ ಬಿಡುವ ಹಾಗಿಲ್ಲ. ಸ್ಪೇನಿನ ಮೀನುಗಾರರು ಇದನ್ನು ಕಟುವಾಗಿ ವಿರೋಧಿಸಿದರು. ಗಾಳದವರನ್ನೂ ಟ್ರಾಲ್‌ನವರನ್ನೂ ಒಂದೇ ತಕ್ಕಡಿಯಲ್ಲಿ ಹಾಕಿದರಲ್ಲ ಎನ್ನುವ ಅವರ ನೋವಿನಲ್ಲಿ ನ್ಯಾಯ ಇದೆ ಅಂತ ನನಗೂ ಅನ್ನಿಸುತ್ತದೆ.

800 ಎನ್ನುವ ಸಂಖ್ಯೆ ಸುಮ್ನೆ ಬಾಯಿಗೆ ಬಂದದ್ದಲ್ಲ. ಸ್ಕಾಟ್ಲೆಂಡಿನ ವಿಜ್ಞಾನಿಗಳು ಸರ್ವೇಗಳ ಲೆಕ್ಕ ಹಾಕಿ ನೋಡಿದಾಗ, 600ರಿಂದ 800 ಮೀಟರ್ ನಡುವೆ ಆಳಕ್ಕೆ ಇಳಿದಷ್ಟೂ ಮಾರುವ ಮೀನಿನ ಬೆಲೆ ಕಡಿಮೆ ಆಗುತ್ತದೆ, ಎಸೆಯುವ ಮೀನು, ಶಾರ್ಕ್ ಜಾಸ್ತಿ ಆಗುತ್ತದೆ ಎಂದು ಕಂಡಿತು. ಅಂದರೆ ಅದಕ್ಕಿಂತ ಕೆಳಗೆ ನಾಶ ದೊಡ್ಡದು, ಲಾಭ ಸಣ್ಣದು.

ಸಬ್ಸಿಡಿ ಬಗ್ಗೆಯೂ ಹೇಳಬೇಕು. ಅಂತರರಾಷ್ಟ್ರೀಯ ನೀರಿನಲ್ಲಿ ತಳದ ಟ್ರಾಲ್ ಎಳೆಯುವ ಹಡಗುಗಳ ಬಗ್ಗೆ 2010ರಲ್ಲಿ ಬಂದ ಒಂದು ಲೆಕ್ಕದ ಪ್ರಕಾರ, ಅವುಗಳಿಗೆ ವರ್ಷಕ್ಕೆ ಸುಮಾರು 15 ಕೋಟಿ ಡಾಲರ್ ಸರ್ಕಾರಿ ಸಹಾಯ ಹೋಗುತ್ತಿತ್ತು. ಅದು ಅವು ಹಿಡಿದ ಮೀನಿನ ಬೆಲೆಯ ಕಾಲು ಭಾಗ. ಲಾಭ ಮಾತ್ರ ಶೇಕಡ 10 ದಾಟುತ್ತಿರಲಿಲ್ಲ. ಡೀಸೆಲ್‌ಗೆ ಸರ್ಕಾರದ ದುಡ್ಡು ಇಲ್ಲದಿದ್ದರೆ ಅಷ್ಟು ಆಳಕ್ಕೆ ಬಲೆ ಇಳಿಸುವುದೇ ನಷ್ಟ. ಜನರ ತೆರಿಗೆ ಹಣದಲ್ಲಿ ಮುನ್ನೂರು ನಾನೂರು ವರ್ಷದ ಹವಳ ಒಡೆಯುವ ಕೆಲಸ ನಡೆಯುತ್ತಿತ್ತು. ನಿಷೇಧಕ್ಕಿಂತ ಮೊದಲು ಆ ದುಡ್ಡು ನಿಲ್ಲಿಸಿದ್ದರೆ ಅರ್ಧ ಹಡಗುಗಳು ತಾವಾಗಿಯೇ ದಡಕ್ಕೆ ಬರುತ್ತಿದ್ದವು ಎನ್ನುವುದು ನನ್ನ ಅಭಿಪ್ರಾಯ.


ಮಲ್ಪೆ ಬೋಟಿನ ಮನೆಯವ:

ಧಾರವಾಡದ ಅಣ್ಣಾ, ಸಬ್ಸಿಡಿ ಮಾತಿಗೆ ನಾನು ಪೂರ್ತಿ ಒಪ್ಪುವುದಿಲ್ಲ. ನಮಗೂ ಡೀಸೆಲ್ ಮೇಲೆ ತೆರಿಗೆ ರಿಯಾಯಿತಿ ಉಂಟು. ಅದು ಇಲ್ಲದಿದ್ದರೆ ಹತ್ತು ದಿನದ ಟ್ರಿಪ್ಪಿಗೆ ಹೋಗುವ ಬೋಟು ಖರ್ಚು ಹುಟ್ಟಿಸುವುದೇ ಕಷ್ಟ. ಯುರೋಪಿನ ಹಡಗಿನ ಲೆಕ್ಕ ತಂದು ನಮ್ಮ ಡೀಸೆಲ್ ಕಿತ್ತುಕೊಳ್ಳಬಾರದು. ಎಷ್ಟು ಆಳಕ್ಕೆ ಹೋಗುವ ಬೋಟಿಗೆ, ಯಾವ ಮೀನಿಗೆ ಎಂದು ನೋಡಿ ಕೊಡಲಿ. ಇನ್ನೂರು ಮೀಟರ್ ಒಳಗೆ ಎಳೆಯುವವನಿಗೂ ಸಾವಿರ ಮೀಟರಿಗೆ ಇಳಿಸುವವನಿಗೂ ಒಂದೇ ಲೆಕ್ಕ ಬೇಡ.


ಧಾರವಾಡದವ:

ಅದನ್ನು ಒಪ್ಪುತ್ತೇನೆ. ನಾನು ಹೇಳಿದ್ದು ಆ ಸಾವಿರ ಮೀಟರಿನವರ ಬಗ್ಗೆಯೇ.


ಫಿಶರೀಸ್ ಕಾಲೇಜಿನ ಹಳಬ:

ಈಗ ನಮ್ಮ ಕಡಲಿಗೆ ಬರೋಣ. ಗಂಗೊಳ್ಳಿಯವರ ಕೊನೆಯ ಚಿಂತೆ ಅದೇ ಅಲ್ವಾ.

ಮಂಗಳೂರು, ಮಲ್ಪೆಯಲ್ಲಿ "ಆಳಸಮುದ್ರ ಬೋಟು" ಎಂದು ಕರೆಯುವ ಬೋಟುಗಳು ಹೆಚ್ಚಾಗಿ 200 ಮೀಟರ್ ಒಳಗೆ ಎಳೆಯುತ್ತವೆ. ಆರೆಂಜ್ ರಫಿಯ ಆಳಕ್ಕೆ ಹೋಲಿಸಿದರೆ ಅದು ಆಳವೇ ಅಲ್ಲ. ಆದರೆ ಕೇರಳದ ಕೊಲ್ಲಂ ಕಡೆಯ ಬೋಟುಗಳು 1999ರ ಸುಮಾರಿಗೆ 200 ಮೀಟರ್ ದಾಟಿ ಆಳದ ಕೆಂಪು ಸಿಗಡಿಗೆ ಇಳಿದವು. ರಫ್ತಿಗೆ ಒಳ್ಳೆ ಬೆಲೆ ಬಂತು. 2014ರಲ್ಲಿ ಕೇಂದ್ರ ಸರ್ಕಾರ ನೇಮಿಸಿದ ಮೀನಾಕುಮಾರಿ ಸಮಿತಿ ಆಳಸಮುದ್ರಕ್ಕೆ ದೊಡ್ಡ ಹಡಗು ಬಿಡುವ ಬಗ್ಗೆ ವರದಿ ಕೊಟ್ಟಾಗ ದೇಶದ ಎಲ್ಲ ಕರಾವಳಿಯಲ್ಲೂ ಮೀನುಗಾರರು ಬೀದಿಗಿಳಿದರು. ಕಾರಣ, 200ರಿಂದ 500 ಮೀಟರ್ ನಡುವೆ ಮೀನುಗಾರಿಕೆಗೆ ಕಡಿವಾಣ ಹಾಕುವ ಮಾತು ಅದರಲ್ಲಿತ್ತು, ಅದರಾಚೆಗೆ ಹೊರಗಿನ ಬಂಡವಾಳದ ಹಡಗುಗಳು ಬರುತ್ತವೆ ಎಂಬ ಭಯವೂ ಇತ್ತು. ಆ ಭಯ ಸರಿಯಾಗಿಯೇ ಇತ್ತು ಎಂದು ನಾನು ಹೇಳುತ್ತೇನೆ.

ನಮಗೆ ಬಹಳ ಹತ್ತಿರದ ಉದಾಹರಣೆ ಮಾಲ್ಡೀವ್ಸ್‌ನದ್ದು. ಅಲ್ಲಿ 1980ರಲ್ಲಿ ಗಲ್ಪರ್ ಶಾರ್ಕ್ ಎಂಬ ಆಳದ ಶಾರ್ಕ್ ಹಿಡಿಯಲು ಶುರು ಮಾಡಿದರು. ಮಾಂಸಕ್ಕಲ್ಲ, ಅದರ ದೊಡ್ಡ ಯಕೃತ್ತಿನ (ಲಿವರ್) ಎಣ್ಣೆಗೆ. ಅದರಲ್ಲಿರುವ ಸ್ಕ್ವಾಲೀನ್ ಸೌಂದರ್ಯ ಸಾಧನಗಳಿಗೆ ಹೋಗುತ್ತದೆ. ಎರಡು ಮೂರು ವರ್ಷದಲ್ಲೇ ಹಿಡುವಳಿ ತುದಿ ಮುಟ್ಟಿ ಇಳಿಯತೊಡಗಿತು. ಇಪ್ಪತ್ತು ವರ್ಷ ಆಗುವಷ್ಟರಲ್ಲಿ ಮೀನುಗಾರಿಕೆಯೇ ಕುಸಿಯಿತು. ಈ ಶಾರ್ಕ್ ಒಂದು ಸಲಕ್ಕೆ ಹಾಕುವುದು ಒಂದೋ ಎರಡೋ ಮರಿ, ಬಸಿರು ಸುಮಾರು ಎರಡು ವರ್ಷ. ಮಾಲ್ಡೀವ್ಸ್ 2010ರಲ್ಲಿ ಎಲ್ಲ ಬಗೆಯ ಶಾರ್ಕ್ ಹಿಡಿಯುವುದನ್ನೂ ನಿಷೇಧಿಸಿತು. ನಮ್ಮಲ್ಲೂ ಕನ್ಯಾಕುಮಾರಿಯ ತೂತ್ತೂರಿನ ಮೀನುಗಾರರು ಆಳದ ಶಾರ್ಕ್ ಹಿಡಿದು ಕೊಚ್ಚಿಗೆ ತರುತ್ತಾರೆ. ಅವರ ಕಸುಬುದಾರಿಕೆ ಬಗ್ಗೆ ನನಗೆ ದೊಡ್ಡ ಗೌರವ ಇದೆ. ಆದರೆ ಎರಡು ವರ್ಷಕ್ಕೆ ಒಂದೆರಡು ಮರಿ ಹಾಕುವ ಪ್ರಾಣಿಗೆ ಮಳೆಗಾಲದ 61 ದಿನದ ರಜೆ ಏನು ಮಾಡೀತು?

ಆದ್ದರಿಂದ ನನ್ನ ಮಾತು ಮಲ್ಪೆಯವರು ಹೇಳಿದ್ದೇ. ಬೋಟು ಕಟ್ಟುವ ಮೊದಲು ಮುಚ್ಚಿ. ಎಲ್ಲಿ ಯಾವ ಮೀನಿದೆ, ಅದರ ವಯಸ್ಸೆಷ್ಟು, ಎಷ್ಟು ವರ್ಷಕ್ಕೆ ಮೊಟ್ಟೆ ಇಡುತ್ತದೆ ಎನ್ನುವುದು ಗೊತ್ತಾದ ಮೇಲೆ ಸ್ವಲ್ಪ ಸ್ವಲ್ಪ ತೆರೆಯಿರಿ. ಇಲ್ಲಿಯ ತನಕ ಎಲ್ಲ ದೇಶಗಳೂ ಮೊದಲು ಹಿಡಿದು, ಆಮೇಲೆ ವಯಸ್ಸು ಎಣಿಸಿವೆ. ನಮಗೆ ಇನ್ನೂ ಉಲ್ಟಾ ಮಾಡುವ ಅವಕಾಶ ಇದೆ.


ಆಕ್ಲೆಂಡಿನಿಂದ ಕುಮಟೆಯವಳು:

ಇದಕ್ಕೆ ಒಂದು ಮಾತು ಸೇರಿಸಿ. ಮುಚ್ಚುವಾಗ ಗುಡ್ಡಗಳನ್ನು ಹೆಸರು ಹಿಡಿದು ಮುಚ್ಚಿ ಎಂದು ಕೇಳಿ, ಚದರ ಕಿಲೋಮೀಟರ್ ಲೆಕ್ಕಕ್ಕೆ ಒಪ್ಪಬೇಡಿ. ಬೋಟುಗಳ ಮೇಲೆ ಟ್ರ್ಯಾಕಿಂಗ್ ಯಂತ್ರ ಇರಲಿ, ಅದರ ಮಾಹಿತಿ ಮೀನುಗಾರರ ಸಂಘಕ್ಕೂ ಸಿಗಲಿ. ಇಲ್ಲವಾದರೆ ಮಲ್ಪೆಯವರು ಹೇಳಿದ ಲೈಟ್ ಫಿಶಿಂಗ್ ಕಥೆಯೇ ಆಳದಲ್ಲೂ ಆಗುತ್ತದೆ, ಅಲ್ಲಂತೂ ದಡದಿಂದ ಲೈಟೂ ಕಾಣುವುದಿಲ್ಲ.


ಗಂಗೊಳ್ಳಿ ಕಡೆಯವ:

ಎಲ್ಲರಿಗೂ ಮನಸಾರೆ ಥ್ಯಾಂಕ್ಸ್. ನಮ್ಮ ಬೋಟಿನವರ ಮೀಟಿಂಗಿನಲ್ಲಿ ಮೂರು ವಿಷಯ ಇಡುತ್ತೇನೆ. 200 ಮೀಟರ್ ದಾಟಿ ಹೋಗಲು ಸಾಲ, ಸಬ್ಸಿಡಿ ಕೊಡುತ್ತೇವೆ ಎಂದು ಯಾರಾದರೂ ಬಂದರೆ, ಮೊದಲು ಅಲ್ಲಿನ ಮೀನಿನ ವಯಸ್ಸಿನ ವರದಿ ತೋರಿಸಿ ಎಂದು ಕೇಳುವುದು. ನಮ್ಮ ತಂಡೇಲರಿಗೆ ಎಷ್ಟು ಮಾರಿನಲ್ಲಿ ಯಾವ ಮೀನು ಸಿಕ್ಕಿತು, ಎಷ್ಟು ಉದ್ದ ಇತ್ತು ಎಂದು ಬರೆದಿಡಲು ಒಂದು ಪುಸ್ತಕ ಕೊಡುವುದು. 12 ನಾಟಿಕಲ್ ಮೈಲಿ ಆಚೆಗಿನದು ಕೇಂದ್ರದ ಕೈಯಲ್ಲಿ ಇರುವುದರಿಂದ ಮನವಿ ಬೆಂಗಳೂರಿಗೆ ಮಾತ್ರ ಅಲ್ಲ, ದಿಲ್ಲಿಗೂ ಹೋಗಬೇಕು.

ಕೊಲ್ಲಂ, ಕೊಚ್ಚಿ ಕಡೆ ಕೆಂಪು ಸಿಗಡಿಗೆ ಹೋಗುವ ಬೋಟಿನಲ್ಲಿ ಕೆಲಸ ಮಾಡಿದ ನಮ್ಮವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ. ಈಗ ಎಷ್ಟು ಮಾರಿನಲ್ಲಿ ಎಳೆಯುತ್ತಾರೆ, ಮೊದಲಿಗಿಂತ ಸಿಗಡಿ ಸಣ್ಣದಾಗಿದೆಯಾ, ಬಲೆಯಲ್ಲಿ ಸಿಗಡಿಯ ಜೊತೆ ಇನ್ನೇನು ಬರುತ್ತದೆ, ಅದನ್ನು ಏನು ಮಾಡುತ್ತಾರೆ, ಇಷ್ಟು ತಿಳಿದರೆ ಸಾಕು.